ಆ ಮಧ್ಯಾಹ್ನ ಮರ ಬಿದ್ದಿರಲಿಲ್ಲ, ಸುರಭಿ

ಅಂದು ಮಧ್ಯಾಹ್ನ ಇಂಟರ್ನೆಟ್ ತಾನಾಗಿ ಹೋದದ್ದಲ್ಲ ಸುರಭಿ, ಸ್ವಿಚ್ಚು ಆರಿಸಿದ್ದು ನಾನು. ಬೇಕೆಂದೇ ಆರಿಸಿದೆ. ಆಮೇಲೆ, ಕಡಬ ರಸ್ತೆಯಲ್ಲಿ ಮರ ಬಿದ್ದು ಕೇಬಲ್ ತುಂಡಾಗಿದೆ ಎಂದು ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಎರಡು ವರ್ಷ ಕಳೆಯಿತು.

ನೀವು ಒಂಬತ್ತು ಮಂದಿ ಕೋಡಿಂಬಾಳದ ನಮ್ಮ ಮನೆಗೆ ಬಾಡಿಗೆ ಕೊಟ್ಟು ತಂಗಲು ಬಂದಾಗ, ನಾನು ಪುತ್ತೂರಿನ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಕೆಲಸದಿಂದ ನಿವೃತ್ತಳಾಗಿ ವರ್ಷವೂ ಆಗಿರಲಿಲ್ಲ. ಲ್ಯಾಪ್‌ಟಾಪಿನಲ್ಲೇ ದುಡಿಯುವವರನ್ನು ತಂಡ ಕಟ್ಟಿ ಊರೂರಿಗೆ ಕರೆದೊಯ್ಯುವ ಸಂಸ್ಥೆಗಳಿವೆ ಎಂಬುದೇ ನನಗೆ ಹೊಸ ಸುದ್ದಿ. ಒಂದು ತಿಂಗಳು ಗೋವಾ, ಒಂದು ತಿಂಗಳು ನಮ್ಮಲ್ಲಿ, ಮತ್ತೆ ವಯನಾಡು — ಇವರಿಗೆಲ್ಲ ಮನೆಮಠ ಬೇಡವೇ ಎಂದು ಮೊದಲ ದಿನ ಗೊಣಗಿದ್ದೆ. ವಾರ ಕಳೆಯುವಷ್ಟರಲ್ಲಿ ಯಾರಿಗೆ ಖಾರ ಆಗದು, ಯಾರು ಸ್ನಾನಕ್ಕೆ ಸೋಮಾರಿ, ಎಲ್ಲವೂ ಬಾಯಿಪಾಠ. ನಾಗಪುರದವಳಾದ ನೀನಂತೂ ಅಡುಗೆಮನೆ ಬಿಟ್ಟು ಏಳುತ್ತಿರಲಿಲ್ಲ. ನನ್ನ ಜತೆ ಅಡುಗೆ ನೋಡಿಕೊಳ್ಳುವ ಕಮಲಕ್ಕನಿಂದ ಕನ್ನಡ ಕಲಿತು, ಎರಡೇ ವಾರದಲ್ಲಿ ನನ್ನನ್ನೇ "ಎಂತ ಮಾರಾಯ್ರೆ" ಎಂದು ಗದರಿಸತೊಡಗಿದ್ದೆ. ನನಗೆಷ್ಟು ಖುಷಿಯಾಗುತ್ತಿತ್ತೋ, ಆಗ ನಿನಗೆ ಹೇಳಲಿಲ್ಲ.

ಒಂದೇ ವಿಷಯಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಊಟಕ್ಕೆ ನೀವು ಒಟ್ಟಿಗೆ ಬಂದ ದಿನವಿಲ್ಲ. ಒಬ್ಬ ಒಂದಕ್ಕೆ, ಒಬ್ಬಳು ಮೂರಕ್ಕೆ, ಇನ್ನೊಬ್ಬ ಕಿವಿಗೆ ವಯರು ಸಿಕ್ಕಿಸಿಕೊಂಡು ಯಾರಿಗೋ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಸಾರನ್ನ ಕಲಸುವವ. ಹಾಸ್ಟೆಲಿನಲ್ಲಿ ನಾನು ಊಟದ ಗಂಟೆ ಬಾರಿಸಿ ಐದು ನಿಮಿಷಕ್ಕೆ ಮಹಡಿಯ ಫ್ಯಾನುಗಳ ಮೈನ್ ಸ್ವಿಚ್ಚನ್ನೇ ಆರಿಸುತ್ತಿದ್ದೆ. ಹುಡುಗಿಯರು ಶಪಿಸುತ್ತ ಬಡಬಡ ಇಳಿದು ಬರುತ್ತಿದ್ದರು. ಅಷ್ಟೊಂದು ವರ್ಷ ಹಾಗೆ ನಡೆಸಿದ ಅಭ್ಯಾಸ ನನ್ನದು — ನೀವು ಹಾಸ್ಟೆಲಿನ ಹುಡುಗಿಯರಲ್ಲ, ದುಡಿಯುವ ದೊಡ್ಡವರು ಎಂದು ನನಗೆ ತಿಳಿಯಬೇಕಿತ್ತು.

ಅಂದು ಹೊಸ ಅಕ್ಕಿ ಊಟ. ಆ ವರ್ಷದ ಬೆಳೆಯ ಅಕ್ಕಿಯನ್ನು ಮನೆಯವರೆಲ್ಲ ಜತೆಗೆ ಕೂತೇ ಉಣ್ಣಬೇಕು, ಉಣ್ಣುವ ಮೊದಲು ಚಿಕ್ಕವರು ಹಿರಿಯರ ಅಪ್ಪಣೆ ಕೇಳಬೇಕು. ಮದುವೆಯಾಗದ ನನ್ನಲ್ಲಿ ಅಪ್ಪಣೆ ಕೇಳಲು ಯಾರಿದ್ದಾರೆ? ಆ ವರ್ಷ ಮಾತ್ರ ಒಂಬತ್ತು ಮಂದಿ ಇದ್ದಿರಿ. ಹರಿವೆ, ಅಲಸಂದೆ, ಪತ್ರೊಡೆ, ಕಾಯಿಹಾಲಿನ ಪಾಯಸ — ಕಮಲಕ್ಕ, ನಾನು ಬೆಳಗಿನಿಂದ ಕೂತವರಲ್ಲ.

ನೀನು ಬೆಳಿಗ್ಗೆ ಕಾಯಿ ತುರಿಯುತ್ತ ಹೇಳಿದ್ದೆ. ಒಂದು ಗಂಟೆಗೆ ಕಂಪೆನಿಯ ದೊಡ್ಡವರ ಜತೆ ಮಾತುಕತೆ ಇದೆ. ಕೆಲಸ ಕಾಯಂ ಆಗುವುದು ಅದರ ಮೇಲೆ. ಇನ್ನು ಕಾಯಂ ಆದವರಿಗೆ ಮಾತ್ರ ಹೀಗೆ ಎಲ್ಲಿಂದಲಾದರೂ ಕೆಲಸ ಮಾಡಲು ಬಿಡುತ್ತಾರೆ, ಉಳಿದವರೆಲ್ಲ ಆಫೀಸಿಗೆ ಹಿಂದಿರುಗಬೇಕು. ನನಗೆ ಕೇಳಿಸಿತ್ತು. ಕೇಳಿಸಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಿಮ್ಮಲ್ಲಿ ಯಾರ ಮೀಟಿಂಗ್ ತಾನೇ ಮುಖ್ಯವಲ್ಲ ಎಂದು ಒಳಗೊಳಗೇ ನಕ್ಕಿದ್ದೆ.

ಒಂದೂ ಕಾಲಾಯಿತು. ಬಾಳೆಲೆ ಹಾಕಿಯಾಗಿತ್ತು, ಒಬ್ಬರೂ ಇಳಿಯಲಿಲ್ಲ.

"ಎಲ್ಲ ಮೀಟಿಂಗಲ್ಲಿ ಇದ್ದಾರೆ ಮೇಡಂ," ಎಂದಳು ಕಮಲಕ್ಕ. "ಅನ್ನ ತಣಿತಾ ಉಂಟು. ಎಂತ ಮಾಡುದು?"

ಏನು ಮಾಡುವುದೆಂದು ನನಗೆ ಗೊತ್ತಿತ್ತು. ಎದ್ದು ಹೋಗಿ ನನ್ನ ಕೋಣೆಯೊಳಗಿದ್ದ ಇಂಟರ್ನೆಟ್ ಮೋಡೆಮ್ಮಿನ ಸ್ವಿಚ್ಚು ಆರಿಸಿದೆ.

ಎಂಟು ಮಂದಿ ಗದ್ದಲ ಮಾಡುತ್ತ ಇಳಿದು ಬಂದರು. ನೀನು ಕೊನೆಗೆ ಬಂದೆ, ಮುಖದಲ್ಲಿ ರಕ್ತವೇ ಇರಲಿಲ್ಲ. ಆ ಮುಖ ನೋಡಿಯೇ ನನ್ನ ಬಾಯಿಂದ ಮರ ಬಿತ್ತು, ಕೇಬಲ್ ತುಂಡಾಯಿತು ಎಂಬ ಕತೆ ಹೊರಟದ್ದು. ನೀನು ಫೋನೆತ್ತಿಕೊಂಡು ಅಂಗಳದ ತುದಿಯವರೆಗೆ ಓಡಿದೆ, ಸಿಗ್ನಲ್ ಸಿಗಲಿಲ್ಲ. ಮರಳಿ ಬಂದು, ಕಣ್ಣೊರಸಿಕೊಂಡು, ನನ್ನ ಕಾಲು ಮುಟ್ಟಿ ಕೇಳಿದೆ:

"ಆಂಟಿ, ಹೊಸ ಅಕ್ಕಿ ಉಣ್ಲಾ?"

"ಉಣ್ಣು ಮಗಾ," ಎಂದೆ.

ನನಗೆ ಬೇಸರವಾಗಬಾರದೆಂದು ಎರಡು ಸಲ ಪಾಯಸ ಹಾಕಿಸಿಕೊಂಡೆಯಲ್ಲ — ನಾನು ನೋಡಿದ್ದೇನೆ. ಮರ ಬಿದ್ದಿದೆ ಎಂದ ಮೇಲೆ ಬೇಗ ಸ್ವಿಚ್ಚು ಹಾಕುವ ಹಾಗೂ ಇರಲಿಲ್ಲ. ಸುಳ್ಳು ನಿಜವೆನಿಸಲು ಸಂಜೆ ಕಾಫಿಯವರೆಗೂ ಕಾದೆ. ಆ ನಾಲ್ಕು ಗಂಟೆ ಹೊತ್ತು ನೀನು ಮೆಟ್ಟಿಲ ಮೇಲೆ ಕೂತೇ ಇದ್ದೆ.

ಇಷ್ಟಕ್ಕೇ ನಿಂತಿದ್ದರೆ ತಪ್ಪೆನ್ನಬಹುದಿತ್ತು. ಮರುದಿನ ನೀನು ಬಂದು, ಹೀಗೆ ಹೀಗೆ ಲೈನ್ ಹೋಗಿತ್ತೆಂದು ಒಂದು ಪತ್ರ ಬರೆದುಕೊಡಿ, ವಾರ್ಡನ್ ಸಹಿಗೆ ತೂಕ ಇರುತ್ತದೆ ಎಂದು ತಮಾಷೆಯಾಗಿಯೇ ಕೇಳಿದೆ. ನೀನು ಆಚೆ ಹೋದದ್ದೇ ಕಮಲಕ್ಕ ನನ್ನ ಬೆನ್ನು ಹತ್ತಿದಳು.

"ಹೇಳಿಬಿಡಿ ಮೇಡಂ. ಅದೆಂತ ನಿಮ್ಮನ್ನು ತಿಂತದಾ?"

ಬಾಯಿ ಮುಚ್ಚು ಎಂದೆ ಅವಳಿಗೆ. ಇಂಥ ಆಂಟಿ ಬೇರೆಲ್ಲೂ ಸಿಗಲಾರರು ಎಂದು ನೀವೆಲ್ಲ ನಮ್ಮ ಮನೆಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಬರೆಯುತ್ತಿದ್ದಿರಿ. ಆ ಹೊಗಳಿಕೆ ನನಗೆ ಬೇಕಿತ್ತು. ಕೂತು, ಚೊಕ್ಕ ಅಕ್ಷರಗಳಲ್ಲಿ, ಇಲ್ಲದ ಮರದ ಬಗ್ಗೆ ಬರೆದು ಸಹಿ ಹಾಕಿದೆ. ನಂಬಲಾಗದ ಲೈನ್ ಇರುವಲ್ಲಿಗೆ ಇಂಥ ದಿನವೇ ಹೋಗಿ ಕೂತವರಿಗೆ ಕೆಲಸದ ಮೇಲೆ ಲಕ್ಷ್ಯವಿಲ್ಲ ಎಂದು ನಿನ್ನ ಕಂಪೆನಿ ಉತ್ತರಿಸಿತು. ಬುದ್ಧಿಯಿಲ್ಲದ ಮುದುಕಿಯೊಬ್ಬಳು ಆರಿಸಿಬಿಟ್ಟಳು ಎಂದು ನಾನು ನಿಜ ಬರೆದಿದ್ದರೆ — ಇನ್ನೊಂದು ದಿನ ಕೊಡುತ್ತಿದ್ದರೋ ಏನೋ. ಕೇಳಿ ನೋಡುವ ದಾರಿಯನ್ನೂ ನಾನೇ ಮುಚ್ಚಿದೆ.

ಉಳಿದವರು ವಯನಾಡಿಗೆ ಹೊರಟರು, ನೀನೊಬ್ಬಳು ನಾಗಪುರದ ಆಫೀಸಿಗೆ. ಸ್ಟೇಷನ್ನಿನಲ್ಲಿ ನಾನು ಅತ್ತರೆ ನೀನು ನನ್ನನ್ನು ಸಮಾಧಾನ ಮಾಡಿದೆ. "ನಿಮ್ದೆಂತ ತಪ್ಪು ಆಂಟಿ? ಮರಕ್ಕೆ ಗೊತ್ತಾಗ್ತದಾ?"

ಈ ವಾರ ನಿನ್ನ ಸಂದೇಶ ಬಂತು. ಹೊಸ ಕೆಲಸ ಸಿಕ್ಕಿದೆ, ಮತ್ತೆ ತಂಡದ ಜತೆ ಹೊರಟಿದ್ದೇನೆ, ಕೋಡಿಂಬಾಳವೇ ಬೇಕೆಂದು ಹಟ ಹಿಡಿದಿದ್ದೇನೆ ಎಂದು ಬರೆದಿದ್ದೀ. ನಿಮ್ಮ ಊರಿನ ಲೈನನ್ನು ನಂಬಲಾಗದು, ಹಾಗಾಗಿ ಎರಡು ಬೇರೆ ಸಿಮ್ಮು ತರುತ್ತೇನೆ, ಚಿಂತೆ ಬೇಡ ಎಂದು ನನಗೇ ಧೈರ್ಯ ಹೇಳಿದ್ದೀ. ಓದಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಟಿಕೆಟ್ ಮಾಡುವ ಮೊದಲು ಇದು ನಿನ್ನ ಕೈಸೇರಲಿ. ತಂಡ ಕಟ್ಟಿ ಕರೆತರುವ ನಿಮ್ಮ ಸಂಸ್ಥೆಯವರಿಗೂ ಇದನ್ನೇ ಬರೆದು ಕಳಿಸಿದ್ದೇನೆ. ಬೈಯಲಿಕ್ಕಾದರೂ ಒಮ್ಮೆ ಬಾ ಎಂದು ಬರೆಯುವ ಆಸೆ ತುಂಬಾ ಇದೆ ಮಗಾ. ಬರೆಯುವುದಿಲ್ಲ. ನಿನ್ನನ್ನು ಒಮ್ಮೆ ನನಗೆ ಬೇಕಾದಲ್ಲಿಗೆ ಎಳೆದು ತಂದದ್ದು ಸಾಕು.