ಶೌಚಾಲಯದಿಂದ ಹೊರಬಾರದ ಬೀಗರು

ಮಗಳನ್ನು ನೋಡಲು ಹರದನಹಳ್ಳಿಯಿಂದ ಬಂದಿದ್ದ ಹುಡುಗನ ತಂದೆ ಗುಂಡ್ಲುಪೇಟೆಯ ನಮ್ಮ ಮನೆಯ ಶೌಚಾಲಯಕ್ಕೆ ಹೋಗಿ ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ. ತಟ್ಟೆಯಲ್ಲಿದ್ದ ಉಪ್ಪಿಟ್ಟು ಆರುತ್ತಿತ್ತು. ಹುಡುಗ ನೆಲ ನೋಡುತ್ತ ಕೂತಿದ್ದ. ನಮ್ಮ ಫ್ಲಶ್ ಟ್ಯಾಂಕ್ ಮತ್ತೆ ತುಂಬಲು ಇಪ್ಪತ್ತು ನಿಮಿಷ ಬೇಕೆಂದು ಬಂದ ನೆಂಟರಿಗೆ ಹೇಗೆ ಹೇಳುವುದು? ಬಕೆಟ್ಟಿನಲ್ಲಿ ನೀರಿಡಲು ಮರೆತೆನೆಂದು ಹೆಂಡತಿ ಅಡುಗೆಮನೆಯಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದಳು.

ಕೊನೆಗೆ ನಾನೇ ಬಾಗಿಲು ತಟ್ಟಿದೆ. ಅವರು ಹೊರಬಂದರು. ಶಲ್ಯ ಸೊಂಟಕ್ಕೆ ಬಿಗಿದಿತ್ತು, ಬಿಳಿ ಅಂಗಿಯ ತೋಳೆರಡೂ ತೊಯ್ದಿದ್ದವು.

“ತಪ್ಪು ತಿಳ್ಕಬ್ಯಾಡಿ ಬೀಗ್ರೆ. ನೀರು ಬರೋ ಪೈಪಿನ ಜಾಲರೀಲಿ ಮಣ್ಣು ಕಟ್ಕಂಡಿತ್ತು. ನಮ್ ತ್ವಾಟದ ಡ್ರಿಪ್ಪಲ್ಲೂ ಇಂಗೇ ಆಯ್ತದೆ. ಬಿಚ್ಚಿ ತೊಳ್ದುಬುಟ್ಟೆ.”

ಮಾತುಕತೆ ಇನ್ನೂ ಶುರುವೇ ಆಗಿರಲಿಲ್ಲ, ಆಗಲೇ ನಾನು ಅವರಿಗೆ ಬೀಗನಾಗಿದ್ದೆ. ಅವರು ಫ್ಲಶ್ ಒತ್ತಿ ತೋರಿಸಿದರು. ಎರಡೂ ಮನೆಯವರು ಶೌಚಾಲಯದ ಬಾಗಿಲಲ್ಲಿ ಗುಂಪುಗೂಡಿ, ಟ್ಯಾಂಕಿಗೆ ನೀರು ನುಗ್ಗುವ ಸದ್ದನ್ನು ಕೇಳಿಸಿಕೊಂಡೆವು. ಎರಡೇ ನಿಮಿಷಕ್ಕೆ ತುಂಬಿತು. ಅದುವರೆಗೆ ತಲೆಯೆತ್ತದಿದ್ದ ಮಗಳು ಹುಡುಗನ ಮುಖ ನೋಡಿ ನಕ್ಕುಬಿಟ್ಟಳು.

ಅವಳು ಆ ಮನೆಯ ಸೊಸೆಯಾಗಿ ಎರಡು ವರ್ಷವಾಯಿತು. ಆ ಮನೆತನ ಹೇಗೆ, ಏನು ಎಂದು ವಿಚಾರಿಸಲು ಅಂದು ಹತ್ತಾರು ಪ್ರಶ್ನೆ ಯೋಚಿಸಿಟ್ಟುಕೊಂಡಿದ್ದೆ. ಒಂದನ್ನೂ ಕೇಳಬೇಕೆನಿಸಲಿಲ್ಲ.