ಆ ಬಿಳಿ ಕರಡಿ ನಿಮ್ಮ ಅಜ್ಜನದಲ್ಲ

ಶ್ರಾವಣಿ, ಸಮರ್ಥ, ಮೊನ್ನೆ ನಮ್ಮ ರಾಮತೀರ್ಥ ನಗರದ ಪಕ್ಕದ ಮನೆಯಲ್ಲಿ ಬಾಣಂತಿಗೆ ಉಂಡಿ ಕಟ್ಟಲೆಂದು ತುಪ್ಪದಲ್ಲಿ ಅಂಟು ಹುರಿಯುತ್ತಿದ್ದರು. ಆ ವಾಸನೆ ಕಿಟಕಿಯಿಂದ ಬಂದದ್ದೇ ತಡ, ನನಗೆ ಖಾಸಬಾಗದ ನಮ್ಮ ಹಳೆಯ ಮನೆ ಕಣ್ಣೆದುರು ನಿಂತಿತು. ಈಗ ಆ ಮನೆ ಇಲ್ಲ, ಆ ಜಾಗದಲ್ಲಿ ಅಂಗಡಿಗಳು ಎದ್ದಿವೆ. ಅದರ ಬೆನ್ನಿಗೇ ಹೋದ ವಾರ ಶಾಲೆಯಲ್ಲಿ ಸಮರ್ಥ ಮಾಡಿದ ಭಾಷಣವೂ ನೆನಪಾಯಿತು. ಮಿಲಿಟರಿಯಲ್ಲಿದ್ದ ತನ್ನ ಅಜ್ಜನ ಗುಡಾರದೊಳಗೆ ಬಿಳಿ ಕರಡಿ ಮೂತಿ ತೂರಿಸಿದ್ದು, ನಾಯಿಗಳು ಗಾಡಿ ಎಳೆದದ್ದು, ತಿಂಗಳುಗಟ್ಟಲೆ ಸೂರ್ಯ ಮುಳುಗದೇ ಇದ್ದದ್ದು, ಎಲ್ಲವನ್ನೂ ಅವನು ಹೇಳಿದ. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಅದನ್ನೆಲ್ಲ ನಿಮಗೆ ಹೇಳಿಕೊಟ್ಟವಳು ನಾನೇ, ಮತ್ತು ಅದು ನಿಜವಲ್ಲ. ಎದುರು ಕೂತು ಹೇಳಲು ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಿಮ್ಮ ಅಜ್ಜನನ್ನು ಗಡಿಯ ಹಿಮದ ಠಾಣೆಗೆ ಕಳಿಸಿದ್ದರು. ಮನೆಯಲ್ಲಿ ನಾನು, ನನ್ನ ಅತ್ತೆ, ಇನ್ನೂ ಶಾಲೆಗೆ ಹೋಗುತ್ತಿದ್ದ ನಿಮ್ಮ ಅಪ್ಪ. ಅಜ್ಜನ ಪತ್ರದಲ್ಲಿ ಪ್ರತಿ ಸಲವೂ ಅದೇ ಸಾಲು: ‘ಥಂಡಿ ಭಾಳ ಐತಿ. ನಾ ಆರಾಮ ಅದೀನಿ.’ ಥಂಡಿ ಎಂದರೆ ಎಷ್ಟು? ಖಾನಾಪುರದ ಹತ್ತಿರದ ಹಳ್ಳಿಯಲ್ಲಿ ಏಳನೆಯವರೆಗೆ ಓದಿದ ನನಗೆ ಬರ್ಫ ಎಂದರೆ ಐಸ್‌ಕ್ಯಾಂಡಿ ಮಾರುವವನ ಡಬ್ಬಿಯಷ್ಟೇ ಗೊತ್ತು. ಒಂದು ದಿನ ಧೈರ್ಯ ಮಾಡಿ ವಾಚನಾಲಯಕ್ಕೆ ಹೋಗಿ, ಸೆರಗಿನ ತುದಿ ಹಿಡಿದು ನಿಂತೆ.

“ಏನ್ ಬೇಕ್ರೀ ಅಕ್ಕಾರ?” ಎಂದರು ಪುಸ್ತಕ ಕೊಡುವವರು.

“ಬರ್ಫದ ಪುಸ್ತಕ ಅದಾವೇನ್ರಿ?”

“ಬರ್ಫದ ಕಾರಖಾನಿ ಹಾಕಾವ್ರೇನ್ರಿ?”

“ಅಲ್ರಿ. ಬರ್ಫದಾಗ ಮಂದಿ ಹೆಂಗ ಇರ್ತಾರ ಅನ್ನೂದು.”

ಅವರು ನಗುತ್ತ ಕೊಟ್ಟದ್ದು ಉತ್ತರ ಧ್ರುವಕ್ಕೆ, ದಕ್ಷಿಣ ಧ್ರುವಕ್ಕೆ ಹೋದವರ ಕಥೆಗಳನ್ನು. ಆ ಹಿಮವೇ ಬೇರೆ, ನಮ್ಮ ಗಡಿಯ ಹಿಮವೇ ಬೇರೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಧ್ಯಾಹ್ನ ಅತ್ತೆ ರಾಟೆಯ ಮುಂದೆ ಕೂತು ನೇಕಾರರಿಗಾಗಿ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಅಕ್ಕಪಕ್ಕದ ಮನೆಗಳ ಮಗ್ಗದ ಸದ್ದಿಗಿಂತ ದನಿ ಏರಿಸಿ ನಾನು ಓದುತ್ತಿದ್ದೆ. ಹಂಚಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ, ಉಸಿರು ಗಡ್ಡದ ಮೇಲೆ ಮಂಜಾಗಿ ಕೂರುವುದನ್ನು, ಕಿವಿ, ಬೆರಳು ಕಪ್ಪಾಗುವುದನ್ನು ಓದಿದೆ. ಅತ್ತೆ ರಾಟೆ ನಿಲ್ಲಿಸಿದರು.

“ಕಿವ್ಯಾಗ ಗಾಳಿ ಹೋಗಬಾರದು, ಮೈ ತಣ್ಣಗ ಆಗಬಾರದು. ಹಂಗಾರ ಅಂವ ಬಾಣಂತಿನ ಆದನಲ್ಲ! ಏಳ, ಅಂಟು ಹುರಿ.”

ಅವತ್ತು ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಡಬ್ಬಿ ತುಂಬ ಅಂಟಿನುಂಡಿ ಕಟ್ಟಿದೆವು. ನನ್ನ ಬಾಣಂತನದಲ್ಲಿ ತಲೆಗೆ ಕಟ್ಟಿದ್ದ ಉಣ್ಣೆಯ ಬಟ್ಟೆಯನ್ನೂ ಅತ್ತೆ ಜೊತೆಗಿಟ್ಟರು. ಬಹಳ ದಿನಗಳ ಮೇಲೆ ಉತ್ತರ ಬಂತು: ‘ಉಂಡಿ ಮುಟ್ಟಿದವು. ಗಂಡೋ ಹೆಣ್ಣೋ ಅಂತ ಕೇಳಕೋತ ದೋಸ್ತರು ಡಬ್ಬಿ ಖಾಲಿ ಮಾಡ್ಯಾರ. ಇನ್ನೊಂದ ಡಬ್ಬಿ ಕಳಸ್ರಿ.’ ಅತ್ತೆ ಅದನ್ನು ನಾಲ್ಕು ಸಲ ಓದಿಸಿಕೊಂಡು ನಕ್ಕರು.

ಆಮೇಲೆ ಒಂದು ಮಧ್ಯಾಹ್ನ, ಹೋದವರು ಒಬ್ಬೊಬ್ಬರಾಗಿ ಹಿಮದಲ್ಲೇ ಉಳಿದುಬಿಡುವ ಪುಟ ಬಂತು. ನನ್ನ ದನಿ ನಿಂತಿತು.

“ಯಾಕ? ಮನೀಗೆ ಬಂದ್ರಿಲ್ಲೋ ಅವರು?”

“ಬಂದ್ರು ಅತ್ತಿ. ಎಲ್ಲಾರೂ ಬಂದ್ರು.”

“ಹಂಗಾರ ಬಂದದ್ದನ್ನ ಓದು.”

ಸಾವಿನ ಅಕ್ಷರಗಳ ಮೇಲೆ ಕಣ್ಣಿಟ್ಟುಕೊಂಡು, ಅವರು ಹೊಸ್ತಿಲ ಹೊರಗೆ ಬೂಟು ಬಿಚ್ಚಿದ್ದನ್ನು, ಕಾಲಿಗೆ ಬಿಸಿನೀರು ಹೊಯ್ದದ್ದನ್ನು, ರೊಟ್ಟಿ ಉಂಡದ್ದನ್ನು ನಾನು ಓದಿದೆ. ಇಲ್ಲದ್ದನ್ನು ಓದುವುದು ಅಷ್ಟು ಸಲೀಸು ಎಂದು ನನಗೆ ಗೊತ್ತಿರಲಿಲ್ಲ.

ನಿಮ್ಮ ಅಜ್ಜ ಖರೇ ಬಂದರು. ಬಡವಾಗಿದ್ದರು, ಆದರೆ ಕೈಬೆರಳು ಹತ್ತೂ ಇದ್ದವು. ಹಿಮದ ಮಾತು ಮಾತ್ರ ಎತ್ತಲಿಲ್ಲ. ಆ ರಜೆಯಲ್ಲಿ ನನ್ನ ತವರಿಗೆ ಹೋದಾಗ ಖಾನಾಪುರದಲ್ಲಿ ಮಲಪ್ರಭೆಗೆ ಕಾಲು ಇಳಿಬಿಟ್ಟು ಕೂತಿದ್ದರು. ನಾನು ಒಂದೇ ಒಂದು ಸಲ ಕೇಳಿದೆ, “ಅಲ್ಲೆ ಹೆಂಗ ಇತ್ತರಿ?”

“ನೀರಿನ ಸಪ್ಪಳನ ಇರಲಿಲ್ಲ,” ಎಂದರು.

ಇನ್ನೊಮ್ಮೆ ಕೇಳಿದರಾಯಿತು ಎಂದುಕೊಂಡೆ. ಇನ್ನೊಮ್ಮೆ ಎನ್ನುತ್ತಲೇ ಇಪ್ಪತ್ತು ವರ್ಷ ಕಳೆದವು. ಅತ್ತೆ ಹೋದರು, ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ನಿಮ್ಮ ಅಜ್ಜನೂ ಹೋದರು. ಆಮೇಲೆ ನೀವಿಬ್ಬರೂ ನನ್ನ ಮಗ್ಗುಲಿಗೆ ಕೂತು “ಅಜ್ಜ ಬರ್ಫದಾಗ ಏನ್ ಮಾಡತಿದ್ದ?” ಎಂದು ಕೇಳಿದಾಗ, ನನ್ನ ಹತ್ತಿರ ಇದ್ದದ್ದು ಆ ಒಂದು ಮಾತು. ಉಳಿದದ್ದನ್ನು ಪುಸ್ತಕಗಳಿಂದ ತಂದೆ. ಹೇಳುತ್ತ ಹೇಳುತ್ತ ಪುಸ್ತಕದ ಮಂದಿಗೆಲ್ಲ ಅವರ ಮುಖವೇ ಬಂತು. ಈಗ ಬೇರೆ ಮಾಡಲು ಹೋದರೆ ನನಗೇ ದಾರಿ ತಪ್ಪುತ್ತದೆ.

ಕರಡಿ ಅವರದಲ್ಲ. ನಾಯಿಗಳು ಅವರವಲ್ಲ. ಮುಳುಗದ ಸೂರ್ಯನೂ ಅವರದಲ್ಲ. ಒಂದು ಚಿತ್ರ ಮಾತ್ರ ಯಾರದೆಂದು ತಿಳಿಯುತ್ತಿಲ್ಲ. ಹಿಮದ ಗುಡಾರದಲ್ಲಿ ಪೆನ್ನಿನ ಶಾಯಿ ಹೆಪ್ಪುಗಟ್ಟಿದೆ. ಒಬ್ಬ ಮನುಷ್ಯ ಅದನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು, ಮತ್ತೆ ಹೆಪ್ಪುಗಟ್ಟುವುದರೊಳಗೆ ಹೆಂಡತಿಯ ಹೆಸರು ಬರೆಯುತ್ತಾನೆ. ಇದನ್ನು ನಾನು ಓದಿದೆನೋ, ಅವರ ಬಾಯಿಂದ ಕೇಳಿದೆನೋ? ಪತ್ರಗಳನ್ನೆಲ್ಲ ಬಿಚ್ಚಿ ನೋಡಿದೆ, ಇಲ್ಲ. ವಾಚನಾಲಯದಲ್ಲಿ ಆ ಪುಸ್ತಕಗಳೂ ಈಗ ಸಿಗುವುದಿಲ್ಲ. ಸಮರ್ಥ, ಇನ್ನೊಮ್ಮೆ ಅಜ್ಜನ ಬಗ್ಗೆ ಮಾತಾಡಿದರೆ ಕರಡಿಯನ್ನು ಬಿಟ್ಟುಬಿಡು. ಶಾಯಿ ಬೆಚ್ಚಗೆ ಮಾಡಿದ ಈ ಮನುಷ್ಯನ ಮಾತು ಹೇಳಬೇಕೋ ಬಿಡಬೇಕೋ ನನಗೆ ಗೊತ್ತಿಲ್ಲ. ದೊಡ್ಡವರಾದ ಮೇಲೆ ನೀವೇ ನೋಡಿ. ಅಲ್ಲಿಯವರೆಗೆ ಈ ಹಾಳೆಗಳು ಅಜ್ಜನ ಪತ್ರಗಳ ಗಂಟಿನಲ್ಲೇ ಇರಲಿ, ಕಳೆಯಬೇಡಿ.