ನಗರಗೆರೆಯ ಹತ್ತಿ ಹೊಲದ ಬೋರ್ಡು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗೌರಿಬಿದನೂರು ತಾಲ್ಲೂಕಿನಲ್ಲಿ ಕೃಷಿ ಸಹಾಯಕನಾಗಿದ್ದೆ. ಒಂದು ಬೆಳಿಗ್ಗೆ ಆಫೀಸಿಗೆ ಫೋನ್ ಬಂತು. ನಗರಗೆರೆ ಹತ್ತಿರ ಹತ್ತಿ ಹೊಲಕ್ಕೆ ರೈತರ ಗುಂಪು ನುಗ್ಗಿದೆ, ಬೇಗ ಬನ್ನಿ ಅಂತ.

ಮೋಪೆಡ್ಡಿನಲ್ಲಿ ನಾನು ತಲುಪುವಷ್ಟರಲ್ಲಿ ರಕ್ತ ಹರಿದಿತ್ತು. ಹೊಲದ ಯಜಮಾನ, ಐವತ್ತು ದಾಟಿದ ಗಟ್ಟಿ ಆಳು, ಬದುವಿನ ಮೇಲೆ ನಿಂತು ಹಾರೆ ಬೀಸಿದ್ದ. ಮುಂದೆ ಬಂದವನೊಬ್ಬನ ಹಣೆ ಸೀಳಿತ್ತು. ಉಳಿದವರು ಯಜಮಾನನನ್ನು ಕೆಡವಿ, ಕೂದಲು ಹಿಡಿದು ಗಿಡಗಳ ನಡುವೆ ಎಳೆದಾಡುತ್ತಿದ್ದರು. "ಬಿಡ್ರಪ್ಪೋ, ಸತ್ತೋಗ್ತಾನೆ!" ಎಂದು ಅವನ ಹೆಂಡತಿ ಎದೆ ಬಡಿದುಕೊಳ್ಳುತ್ತಿದ್ದಳು.

ನಾನು ಅಡ್ಡ ಹೋದೆ. ಯಾರದೋ ದೊಣ್ಣೆ ಬಲಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಗುಂಪಿನ ಮುಖಂಡ ನನ್ನ ಕಾಲರ್ ಹಿಡಿದು ಹೊಲದ ಮೂಲೆಯ ಬೋರ್ಡಿನ ಮುಂದೆ ನಿಲ್ಲಿಸಿದ.

"ಸರ್ಕಾರದವನು ತಾನೇ? ಇದರಲ್ಲಿ ಏನಿದೆ, ಕನ್ನಡದಲ್ಲಿ ಹೇಳಪ್ಪ."

ಇಂಗ್ಲಿಷಿನ ಪುಟ್ಟ ಬೋರ್ಡು. ಮೂರು ತಿಂಗಳಿಂದ ಅದೇ ದಾರಿಯಲ್ಲಿ ಓಡಾಡಿದ್ದೆ. ಬೀಜದ ಕಂಪನಿಯ ಜಾಹೀರಾತು ಅಂದುಕೊಂಡು ಒಮ್ಮೆಯೂ ಇಳಿದು ನೋಡಿರಲಿಲ್ಲ.

"ಕುಲಾಂತರಿ ಹತ್ತಿ. ಬೀಜದೊಳಗೇ ಬೇರೆ ಜೀವಿಯ ಗುಣ ಸೇರಿಸಿದ್ದು. ಪ್ರಯೋಗಕ್ಕೆ ಬೆಳೆದದ್ದು," ಅಂದೆ.

"ಅದೇ ಅನುಮಾನಕ್ಕೇ ಕೀಳೋಕೆ ಬಂದದ್ದು. ಪರ್ಮಿಷನ್ ಕೊಟ್ಟೋರು ಯಾರು?"

"ದೆಹಲಿಯ ಕೇಂದ್ರ ಸರ್ಕಾರದವರು ಕೊಡಬೇಕು. ನಮ್ಮ ಆಫೀಸಿಗೆ ಕಾಗದ ಬಂದಿಲ್ಲ."

ಕೆಳಗೆ ಬಿದ್ದಿದ್ದ ಯಜಮಾನ ತಲೆ ಎತ್ತಿದ. ಬಾಯಿತುಂಬ ರಕ್ತ. "ಹೊಸ ಹೈಬ್ರಿಡ್, ಹುಳ ಬೀಳಲ್ಲ ಅಂದಿದ್ರು ಕಂಪನಿಯೋರು ಸಾರ್. ಪ್ರಯೋಗ ಅಂತ ಯಾರೂ ಹೇಳ್ಲಿಲ್ಲ. ನೀವಾದ್ರೂ ಹೇಳಬಾರದಾಗಿತ್ತಾ?"

ಹಿಡಿದಿದ್ದವರು ಕೈ ಬಿಟ್ಟರು. ಅವನು ಎದ್ದು ಯಾರ ಕೈಯಿಂದಲೋ ಮಚ್ಚು ಕಿತ್ತುಕೊಂಡ. ನನಗೇ ಬೀಸುತ್ತಾನೆಂದು ಕಣ್ಣು ಮುಚ್ಚಿದೆ. ತೆರೆದಾಗ, ಕಾಯಿ ತುಂಬಿದ್ದ ತನ್ನದೇ ಗಿಡಗಳನ್ನು ಹುಚ್ಚನಂತೆ ಕಡಿಯುತ್ತಿದ್ದ. ಏಟು ತಪ್ಪಿ ತನ್ನ ಮೊಣಕಾಲಿಗೇ ಬಿದ್ದರೂ ನಿಲ್ಲಿಸಲಿಲ್ಲ. ಜನ ಅವನ ಜೊತೆ ಸೇರಿ ಗಿಡ ಕಿತ್ತು ಗುಡ್ಡೆ ಹಾಕಿ, ಸೀಮೆಎಣ್ಣೆ ಸುರಿದು ಬೆಂಕಿ ಇಟ್ಟರು.

ಹಣೆ ಸೀಳಿದವನು, ಯಜಮಾನ, ನಾನು, ಮೂವರೂ ಒಂದೇ ಟ್ರ್ಯಾಕ್ಟರಿನಲ್ಲಿ ಗೌರಿಬಿದನೂರು ಆಸ್ಪತ್ರೆಗೆ ಹೋದೆವು.

ಹದಿನೈದು ದಿನದ ಮೇಲೆ ದೆಹಲಿಯ ಕಾಗದದ ನಕಲು ಬಂತು. ಬಿತ್ತನೆಗೆ ಮೊದಲೇ ಅನುಮತಿ ಸಿಕ್ಕಿತ್ತು. ರೈತನಿಗೆ ತಿಳಿಸಬೇಕು, ತಾಲ್ಲೂಕಿನ ಕೃಷಿ ಆಫೀಸಿನವರು ಹೊಲ ನೋಡಬೇಕು ಎಂಬ ಷರತ್ತೂ ಇತ್ತು.

ವಿಚಾರಣೆಗೆ ಬಂದ ಮೇಲಧಿಕಾರಿ, "ಹೊಲ ನೋಡಿದ್ದೆ ಅಂತ ಬರೆದುಕೊಡ್ರೀ, ಎಲ್ಲರೂ ಉಳ್ಕೋತೀವಿ," ಅಂದರು. ಬಲಗೈ ಪಟ್ಟಿಯಲ್ಲಿತ್ತು. ಎಡಗೈಯಲ್ಲಿ ಸೊಟ್ಟಸೊಟ್ಟಗೆ "ನೋಡಿರಲಿಲ್ಲ" ಎಂದು ಬರೆದೆ. ತಿಂಗಳೊಳಗೆ ಚಿಂತಾಮಣಿಗೆ ಎತ್ತಂಗಡಿಯಾಯಿತು.

ಹೊರಡುವ ಮುನ್ನ ಯಜಮಾನನ ಮನೆಗೆ ಹೋದೆ. ಕುಂಟುತ್ತ ಬಾಗಿಲಿಗೆ ಬಂದವನು ನನ್ನನ್ನು ನೋಡಿ, ಬಾಗಿಲು ಮುಚ್ಚಿ ಅಗುಳಿ ಹಾಕಿಕೊಂಡ.